ಕಡಲಿಗೆ ಹರಿಯುವ ನೀರು ವ್ಯರ್ಥವೇ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಡಲು ಏರುತ್ತಿದೆ ಎಂದರೆ ಘಟ್ಟದ ಮೇಲಿರುವ ನಮಗೇನು ಎಂಬ ಪ್ರಶ್ನೆ ಸಹಜವಾದುದು. ಶಿರಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಅಘನಾಶಿನಿ ನದಿಯಲ್ಲಿಯೇ ಇದಕ್ಕೆ ಉತ್ತರವಿದೆ.

ಮೊದಲು ಕಾರಣಗಳನ್ನು ನೋಡೋಣ. ಕಲ್ಲಿದ್ದಲು, ಪೆಟ್ರೋಲಿಯಂಗಳ ದಹನದಿಂದ ಭೂಮಿಯಲ್ಲಿ ಸಂಚಯವಾದ ಹೆಚ್ಚುವರಿ ಶಾಖದ ಶೇಕಡಾ 90ರಷ್ಟನ್ನು ಸಾಗರವೇ ಹೀರಿಕೊಂಡಿದೆ. ಬಿಸಿಯಾದ ನೀರು ಹಿಗ್ಗುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಅರ್ಧದಷ್ಟು ಈ ಹಿಗ್ಗುವಿಕೆಯ ಫಲ. ಉಳಿದುದರಲ್ಲಿ ಬಹುಪಾಲು ಪರ್ವತಗಳ ಹಿಮನದಿಗಳು ಹಾಗೂ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಗಳ ಹಿಮರಾಶಿ ಕರಗಿದುದರಿಂದ ಬಂದುದು.

ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿಯಂತೆ 1901ರಿಂದ 2018ರೊಳಗೆ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರ ಬಳಿಕ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್‌ಗೆ ತಲುಪಿತು. ಇದು ಒಂದು ಅಕ್ಕಿಕಾಳಿನ ಉದ್ದಕ್ಕಿಂತ ಕಡಿಮೆ. ಆದರೆ ಹಾನಿಯಾಗುವುದು ಸಾಮಾನ್ಯ ದಿನದಲ್ಲಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರಕ್ಕೆ ಬಿರುಗಾಳಿಯೂ ಕೂಡಿದ ದಿನ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಅಲೆಗಳು ನಮ್ಮ ಕರಾವಳಿಯಲ್ಲಿ ಉಂಟುಮಾಡಿದ ಕಡಲ್ಕೊರೆತವನ್ನು ನೆನೆಯಿರಿ. ಮಟ್ಟ ಏರಿದಂತೆ ಅಂತಹ ಅಲೆಗಳು ಇನ್ನಷ್ಟು ಒಳನಾಡಿಗೆ ನುಗ್ಗುತ್ತವೆ.

ಕಣ್ಣಿಗೆ ಕಾಣದ ಹಾನಿ ಮಣ್ಣಿನಲ್ಲಿದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಮುಂಗಾರು ಮಳೆ ಉಪ್ಪನ್ನು ತೊಳೆದ ಬಳಿಕ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕಗ್ಗವು ಉಪ್ಪನ್ನೂ ಕೆಲದಿನಗಳ ಮುಳುಗಡೆಯನ್ನೂ ತಾಳಬಲ್ಲದು. ಸಾಮಾನ್ಯ ಭತ್ತವಾದರೋ ಸಸಿಯಲ್ಲಿಯೂ ಹೂವಿನಲ್ಲಿಯೂ ಉಪ್ಪಿಗೆ ಸೋಲುತ್ತದೆ. ಆದರೆ ಕಗ್ಗದ ತಾಳಿಕೆಗೂ ಮಿತಿಯಿದೆ. ತೊಳೆಯುವ ಸಿಹಿನೀರಿಲ್ಲದಿದ್ದರೆ ಅದೂ ಬೆಳೆಯದು.

ಬಾವಿಗಳ ಸ್ಥಿತಿಯೂ ಅಂತೆಯೇ. ಕರಾವಳಿಯ ಮರಳುನೆಲದಲ್ಲಿ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ, ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಉಳಿಯುತ್ತದೆ. ಮೇಲಿನ ಒಂದು ಅಡಿ ಕಳೆದರೆ ಕೆಳಗಿನ ನಲವತ್ತೂ ಕ್ರಮೇಣ ಕೈತಪ್ಪುತ್ತದೆ.

ಇಲ್ಲಿಯೇ ಘಟ್ಟದ ಪಾತ್ರ ಆರಂಭವಾಗುತ್ತದೆ. ಅಳಿವೆಯಲ್ಲಿ ಉಪ್ಪುನೀರನ್ನು ಹಿಂದೊತ್ತುವುದು ಮೇಲಿನಿಂದ ಬರುವ ಹೊಳೆಯ ಹರಿವು. ಅಳಿವೆಯ ನೆಲವನ್ನು ಎತ್ತರಿಸುವುದು ಅದು ಹೊತ್ತು ತರುವ ಮೆಕ್ಕಲುಮಣ್ಣು. ಅಣೆಕಟ್ಟು ಕಟ್ಟಿದ ನದಿಯಲ್ಲಿ ಆ ಮಣ್ಣಿನ ಬಹುಪಾಲು ಜಲಾಶಯದಲ್ಲಿಯೇ ನಿಲ್ಲುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲವೆಂಬುದು ಗಜನಿಯ ಭಾಗ್ಯ. ಹೀಗಿರುವಾಗ "ಕಡಲಿಗೆ ಹರಿದು ವ್ಯರ್ಥವಾಗುವ ನೀರು" ಎಂಬ ಮಾತನ್ನು ನಾವು ಒಪ್ಪುವುದಾದರೂ ಹೇಗೆ? ಹೊಳೆಯನ್ನು ತಿರುಗಿಸಿದರೆ ತೆರವಾದ ಜಾಗಕ್ಕೆ ಉಪ್ಪು ಬರುತ್ತದೆ.

ನಮ್ಮ ಹಳ್ಳಗಳು ಏರುವ ಕಡಲನ್ನು ತಡೆಯಲಾರವು. ಅದಕ್ಕೆ ಜಗತ್ತೇ ಇಂಗಾಲದ ಹೊಗೆಯನ್ನು ತಗ್ಗಿಸಬೇಕು. ಆ ಪ್ರಯತ್ನದ ಮೇಲೆಯೇ ಈ ಶತಮಾನದ ಅಂತ್ಯದ ಏರಿಕೆ 28 ಸೆಂಟಿಮೀಟರೋ ಒಂದು ಮೀಟರೋ ಎಂಬುದು ನಿಂತಿದೆ. ಆದರೆ ಗಜನಿಯ ರೈತನಿಗೆ ಹೊಂದಿಕೊಳ್ಳಲು ಕಾಲಾವಕಾಶವನ್ನು ನಾವು ದೊರಕಿಸಬಲ್ಲೆವು. ಸೊಪ್ಪಿನಬೆಟ್ಟವನ್ನು ಬೋಳಾಗಿಸದೆ ಮಳೆನೀರು ಇಂಗಲು ಬಿಡೋಣ. ಬೇಸಿಗೆಯಲ್ಲಿ ಹಳ್ಳವನ್ನು ಪಂಪಿನಿಂದ ಬರಿದಾಗಿಸದಿರೋಣ. ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದ ಹರಿವನ್ನು ಜನವರಿಯಿಂದ ಮೇ ತನಕ ಪ್ರತಿ ವಾರ ಅಳೆದು ಬರೆದಿಡಲಿ. ನದಿಯನ್ನು ತಿರುಗಿಸುವ ಮಾತು ಬಂದಾಗ ನಮ್ಮ ಕೈಯಲ್ಲಿ ಆ ಲೆಕ್ಕವಿರಬೇಕು.