ಇಂಟರ್‌ಮೀಡಿಯೆಟ್ ಬೀಜಗಣಿತ ಮತ್ತು ನಮ್ಮ ಗಡಿಯ ಮಕ್ಕಳು



ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸುತ್ತಿನ ಕನ್ನಡ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಇಂಟರ್‌ದಾಗ ಲೆಕ್ಕ ತಗೋಬ್ಯಾಡಪ್ಪ. ಅಲ್ಲಿ ಎಲ್ಲಾ ತೆಲುಗಿನ್ಯಾಗ, ಇಂಗ್ಲಿಷಿನ್ಯಾಗ ಹೇಳ್ತಾರ. ನಿನಗ ತಿಳಿಯಂಗಿಲ್ಲ." ಹೀಗೆ ಹೇಳುವವರು ಅಪ್ಪ, ಕಾಕಾ, ಊರಿನ ಹಿರಿಯರು. ಎಲ್ಲರೂ ಮಗುವಿನ ಹಿತ ಬಯಸುವವರೇ. ಆ ಮಾತು ಕೇಳಿ ಎಂ.ಪಿ.ಸಿ. ಬಿಟ್ಟು ಬೇರೆ ಗುಂಪಿಗೆ ಹೆಸರು ಬರೆಸುವ ಹುಡುಗ ಹುಡುಗಿಯರಿದ್ದಾರೆ. ಬೇರೆ ಗುಂಪುಗಳು ಕೀಳೆಂದು ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಸೇರುವುದು ಬೇರೆ, ಭಾಷೆಗೆ ಹೆದರಿ ಸೇರುವುದು ಬೇರೆ. ಹಿಂದೆ ಎಂಸೆಟ್ ಎಂದು ಕರೆಯುತ್ತಿದ್ದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ 160 ಪ್ರಶ್ನೆಗಳಲ್ಲಿ 80 ಗಣಿತದವು. ಹದಿನೈದು ಹದಿನಾರರ ವಯಸ್ಸಿನಲ್ಲಿ, ಒಂದೇ ಮಧ್ಯಾಹ್ನದ ಮಾತಿಗೆ ಮಗು ಆ ದಾರಿಯನ್ನು ಮುಚ್ಚಿಕೊಳ್ಳುತ್ತದೆ.

ಆದ್ದರಿಂದ ಈ ಹೊತ್ತು ಇಂಟರ್‌ನ ಬೀಜಗಣಿತದಲ್ಲಿ ಏನಿದೆ, ಅದರಲ್ಲಿ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಯಾವುದು ಎಂಬುದನ್ನು ನೋಡೋಣ. ಗಡಿಯಾಚೆ ಪಿ.ಯು.ಸಿ. ಎನ್ನುವುದನ್ನೇ ಇಲ್ಲಿ ಇಂಟರ್ ಎನ್ನುತ್ತಾರೆ. ಎರಡು ವರ್ಷದ ಈ ಓದು ಆಗಿನ ಆಂಧ್ರಪ್ರದೇಶದಲ್ಲಿ 1969-70ರಲ್ಲಿ ಶುರುವಾಯಿತು. ಗಣಿತವನ್ನು ವರ್ಷಕ್ಕೆ 'ಎ' ಮತ್ತು 'ಬಿ' ಎಂದು ಎರಡು ಪತ್ರಿಕೆಗಳಾಗಿ ಮಾಡಿ ಕಲಿಸುವುದು ಬಹುಕಾಲದಿಂದ ನಡೆದುಬಂದ ಏರ್ಪಾಡು. ಬೀಜಗಣಿತ 'ಎ' ಪತ್ರಿಕೆಯಲ್ಲಿ ಬರುತ್ತದೆ. ಪಠ್ಯವನ್ನು ಆಗಾಗ ಪರಿಷ್ಕರಿಸುತ್ತಾರೆ, ನಿಮ್ಮ ವರ್ಷದ ಪುಸ್ತಕ ನೋಡಿಕೊಳ್ಳಿ. ಮೊದಲ ವರ್ಷದಲ್ಲಿ ಫಂಕ್ಷನ್, ಗಣಿತಾನುಗಮನ, ಮ್ಯಾಟ್ರಿಕ್ಸ್. ಎರಡನೆಯ ವರ್ಷದಲ್ಲಿ ಸಂಕೀರ್ಣ ಸಂಖ್ಯೆ, ವರ್ಗಸಮೀಕರಣ, ಕ್ರಮಯೋಜನೆ ಮತ್ತು ವಿಕಲ್ಪ, ದ್ವಿಪದ ಪ್ರಮೇಯ ಮುಂತಾದವು.

ಮೊದಲು ಮಾತಿನ ಕಷ್ಟ. ಕನ್ನಡದ ಬೀಜಗಣಿತ ತೆಲುಗಿನಲ್ಲಿ ಬೀಜಗಣಿತಂ. ವರ್ಗಸಮೀಕರಣ ಅಲ್ಲಿಯೂ ವರ್ಗ ಸಮೀಕರಣಂ. ನಿರ್ಧಾರಕ ನಿರ್ಧಾರಕಂ ಆಗುತ್ತದೆ, ಮಾತೃಕೆ ಮಾತ್ರಿಕ ಆಗುತ್ತದೆ. ಇವೆಲ್ಲ ಒಂದೇ ಸಂಸ್ಕೃತ ಬೇರಿನ ಮಾತುಗಳಾದ್ದರಿಂದ ಒಂದು ವಾರದಲ್ಲಿ ಬಾಯಿಗೆ ಹತ್ತುತ್ತವೆ. ತೊಂದರೆ ಕೊಡುವುದು ರೂಪ ಒಂದೇ ಇದ್ದು ಅರ್ಥ ಬೇರೆಯಾದ ಮಾತು. ಕನ್ನಡ ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯ ಓದಿದ ಹುಡುಗನಿಗೆ ಪ್ರಮೇಯ ಎಂದರೆ ಸಾಧಿಸಿ ತೋರಿಸಬೇಕಾದ ಹೇಳಿಕೆ. ತೆಲುಗು ಮಾಧ್ಯಮದ ಇಂಟರ್ ಪುಸ್ತಕದ ಮೊದಲ ಪಾಠದ ಹೆಸರು 'ಪ್ರಮೇಯಾಲು'. ಅಲ್ಲಿ ಪ್ರಮೇಯಂ ಎಂದರೆ ಫಂಕ್ಷನ್. ನಾವು ಪ್ರಮೇಯ ಎನ್ನುವುದನ್ನು ಅವರು ಸಿದ್ಧಾಂತಂ ಎನ್ನುತ್ತಾರೆ. ಹೀಗಾಗಿ ನಮ್ಮ ಹುಡುಗ ಮೊದಲ ದಿನವೇ ಸಾಧನೆ ಎಲ್ಲಿದೆ ಎಂದು ಪುಸ್ತಕದಲ್ಲಿ ಹುಡುಕುತ್ತಾ ಕೂರುತ್ತಾನೆ. ಮೇಷ್ಟ್ರು ಫಂಕ್ಷನ್ ಹೇಳುತ್ತಿರುತ್ತಾರೆ. ಅವನ ಬುದ್ಧಿಗೆ ಕೊರತೆಯಿಲ್ಲ, ಆದರೆ ಒಂದು ಶಬ್ದದ ಅರ್ಥ ಅವನಿಗೆ ಯಾರೂ ಹೇಳಲಿಲ್ಲ.

ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ಹಳ್ಳಿಯಲ್ಲಿ ಪವರ್ ಎಂದರೆ ಕರೆಂಟು, ಬೀಜಗಣಿತದಲ್ಲಿ ಘಾತ. ಸಿಂಗುಲರ್ ಎಂದರೆ ಏಕವಚನವೆಂದು ಇಂಗ್ಲಿಷ್ ವ್ಯಾಕರಣದಲ್ಲಿ ಕಲಿತಿರುತ್ತೇವೆ, ಮ್ಯಾಟ್ರಿಕ್ಸ್ ಸಿಂಗುಲರ್ ಎಂದರೆ ಅದರ ನಿರ್ಧಾರಕದ ಬೆಲೆ ಸೊನ್ನೆ. ಆರ್ಡರ್ ಎಂದರೆ ಹೋಟೆಲಿನಲ್ಲಿ ಕೊಡುವುದೂ ಹೌದು, ಮ್ಯಾಟ್ರಿಕ್ಸಿನಲ್ಲಿ ಎಷ್ಟು ಅಡ್ಡಸಾಲು ಎಷ್ಟು ಕಂಬಸಾಲು ಎಂಬ ಲೆಕ್ಕವೂ ಹೌದು.

ಈ ಕಷ್ಟ ನಮ್ಮ ಸೀಮೆಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಮೇಲಿನ ಓದು ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಉರ್ದುವಿನಲ್ಲೇ ಹೇಳುತ್ತಿದ್ದರು. ಆಗ ಬೀಜಗಣಿತಕ್ಕೆ 'ಜಬ್ರ್-ಒ-ಮುಕಾಬಲಾ' ಎಂದು ಹೆಸರು. ಇಂಗ್ಲಿಷಿನ ಆಲ್ಜಿಬ್ರಾ ಹುಟ್ಟಿದ್ದು ಅದೇ ಅರಬ್ಬಿ ಮಾತಿನಿಂದ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ಲೊಂದನ್ನು ಬಿಟ್ಟು ಜಹೀರಾಬಾದು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. ಅಜ್ಜ ಜಬ್ರ್ ಎಂದ, ಅಪ್ಪ ಬೀಜಗಣಿತಂ ಎಂದ, ಮೊಮ್ಮಗಳು ಆಲ್ಜಿಬ್ರಾ ಎನ್ನುತ್ತಾಳೆ. ಸಮೀಕರಣದ ಬೆಲೆ ಮೂವರಿಗೂ ಒಂದೇ.

ಇನ್ನು ಲೆಕ್ಕಕ್ಕೆ ಬರೋಣ. ತಾಂಡೂರಿನ ಹಾಸುಗಲ್ಲು, ನಮ್ಮ ಕಡೆ ಫರಸಿ ಎನ್ನುವುದು, ನಿಮಗೆಲ್ಲ ಗೊತ್ತು. ಒಂದು ಅಂಗಳವಿದೆ. ಅದರ ಉದ್ದ ಅಗಲಕ್ಕಿಂತ 3 ಅಡಿ ಹೆಚ್ಚು. ಒಂದಡಿ ಚೌಕದ ಕಲ್ಲು 108 ಹಿಡಿದವು. ಅಗಲ ಎಷ್ಟು? ಅಗಲವನ್ನು ಎಕ್ಸ್ ಎನ್ನಿ. ಎಕ್ಸ್‌ನ ವರ್ಗ, ಅದಕ್ಕೆ ಮೂರು ಎಕ್ಸ್ ಕೂಡಿಸಿ, 108 ಕಳೆದರೆ ಸೊನ್ನೆ. ಬಿಡಿಸಿದರೆ ಎರಡು ಬೆಲೆ ಬರುತ್ತವೆ, 9 ಮತ್ತು ಋಣ 12. ಋಣ 12 ಅಡಿ ಅಗಲದ ಅಂಗಳ ಯಾರ ಮನೆಯಲ್ಲೂ ಇಲ್ಲ. ಹಾಗಾಗಿ ಅಗಲ 9, ಉದ್ದ 12. ಇಷ್ಟನ್ನು ಹತ್ತನೆಯ ತರಗತಿಯಲ್ಲಿ ನೀವು ಮಾಡಿಯೇ ಬಂದಿದ್ದೀರಿ.

ಈಗ ಮನೆಯ ಯಜಮಾನರು ಬೇರೆ ಮಾತು ಹೇಳುತ್ತಾರೆ. ಉದ್ದ ಅಗಲ ಕೂಡಿದರೆ 20 ಅಡಿ ಇರಬೇಕು, ಕಲ್ಲು ಮಾತ್ರ 120 ಹಿಡಿಯಬೇಕು. ಫರಸಿ ಹಾಸುವವರು ಕೂಡಲೇ ಆಗುವುದಿಲ್ಲ ಎನ್ನುತ್ತಾರೆ. 10ಕ್ಕೆ 10 ಮಾಡಿದರೂ 100ರ ಮೇಲೆ ಹಿಡಿಯುವುದಿಲ್ಲವೆಂದು ಅವರಿಗೆ ಗೊತ್ತು. ಇದನ್ನೇ ಸಮೀಕರಣಕ್ಕೆ ಹಾಕಿ ನೋಡಿ. ಎಕ್ಸ್‌ನ ವರ್ಗದಿಂದ ಇಪ್ಪತ್ತು ಎಕ್ಸ್ ಕಳೆದು 120 ಕೂಡಿಸಿದರೆ ಸೊನ್ನೆ. ಇದರ ಶೋಧಕ, ತೆಲುಗಿನಲ್ಲಿ ವಿಚಕ್ಷಣಿ, 400ರಿಂದ 480 ಕಳೆದರೆ ಬರುವ ಋಣ 80. ಶೋಧಕ ಋಣವಾದರೆ ವಾಸ್ತವ ಮೂಲಗಳಿಲ್ಲ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುತ್ತಾರಲ್ಲ, ಅದರ ಅರ್ಥ ಇದೇ. ಆ ಅಂಗಳ ಭೂಮಿಯ ಮೇಲೆ ಹಾಸಲಾಗದ ಅಂಗಳ.

ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯ ದಂಡೆ ಹಿಡಿದು ಕೆಳಗೆ ಹೋದರೆ ಸೇಡಂ ತಾಲೂಕಿನ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಗ್ರಂಥದ ಮೊದಲಿಗೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಋಣಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಅಭಿಪ್ರಾಯ ಅದರಲ್ಲಿದೆ. ನಮ್ಮ ಫರಸಿಯವರ ಮಾತೂ ಅದೇ ತಾನೇ. ಏಳು ಶತಮಾನ ಕಳೆದ ಮೇಲೆ, 1545ರಲ್ಲಿ, ಇಟಲಿಯ ಕಾರ್ಡಾನೊ ಇದೇ ಜಾತಿಯ ಲೆಕ್ಕ ಹಾಕಿದ. 10ನ್ನು ಎರಡು ಪಾಲು ಮಾಡು, ಆ ಪಾಲುಗಳನ್ನು ಗುಣಿಸಿದರೆ 40 ಬರಬೇಕು. ಆಗದ ಲೆಕ್ಕವೆಂದು ತಿಳಿದೂ ಋಣಸಂಖ್ಯೆಯ ವರ್ಗಮೂಲ ಬರೆದು ಮುಂದೆ ನಡೆದ. ಎರಡನೆಯ ವರ್ಷದ ಸಂಕೀರ್ಣ ಸಂಖ್ಯೆಯ ಪಾಠ ಶುರುವಾಗುವುದು ಮಹಾವೀರರು ನಿಂತ ಆ ಜಾಗದಲ್ಲಿ. ಈ ಹಿನ್ನೆಲೆ ತಿಳಿದವರಿಗೆ ಆ ಪಾಠ ಎಲ್ಲಿಂದಲೋ ಉದುರಿದ ಮಂತ್ರದಂತೆ ಕಾಣುವುದಿಲ್ಲ.

ಮಹಾವೀರರು ವಿಕಲ್ಪದ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾರೆ. ಷಡ್ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ, ಹೀಗೆ ಆರೂ ಕೂಡುವವರೆಗೆ ಬೆರೆಸಿದರೆ ಎಷ್ಟು ಬಗೆ ಎಂಬುದು ಅವರ ಒಂದು ಲೆಕ್ಕ. ನೀವೇ ಮಾಡಿ, 63 ಬರಬೇಕು. ಈ ಗ್ರಂಥವನ್ನು ಪಾವುಲೂರಿ ಮಲ್ಲನ ಬಹು ಹಿಂದೆಯೇ ತೆಲುಗಿಗೆ ತಂದ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಬರೆದ. ನಮ್ಮ ಮಕ್ಕಳು ಈಗ ತೆಲುಗು ಗಣಿತವನ್ನು ಪರರ ಮನೆಯ ಸರಕೆಂದು ಅಂಜುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ದ್ವಿಪದ ಪ್ರಮೇಯದ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಕನ್ನಡ ಓದಿದವರಿಗೆ ಅಲ್ಲಿ ಒಂದು ಅನುಕೂಲವಿದೆ. ಕ್ರಮಯೋಜನೆಗೆ ತೆಲುಗಿನಲ್ಲಿ 'ಪ್ರಸ್ತಾರಾಲು' ಎನ್ನುತ್ತಾರೆ. ಪ್ರಸ್ತಾರ ಹಾಕುವುದು ನಿಮಗೆ ಛಂದಸ್ಸಿನ ಪಾಠದಿಂದಲೇ ಗೊತ್ತು. ಮೂರಕ್ಷರದ ಗಣಗಳು ಎಂಟು. ಅವನ್ನು ಗುರುವಿನ ಎಣಿಕೆಯಂತೆ ಗುಂಪು ಮಾಡಿ. ಮೂರೂ ಗುರು, ಮಗಣ ಒಂದೇ. ಎರಡು ಗುರು ಒಂದು ಲಘು, ಯ ರ ತ ಮೂರು. ಒಂದು ಗುರು ಎರಡು ಲಘು, ಭ ಜ ಸ ಮೂರು. ಮೂರೂ ಲಘು, ನಗಣ ಒಂದು. ಒಂದು, ಮೂರು, ಮೂರು, ಒಂದು. ಈಗ ಎ ಕೂಡಿಸು ಬಿ, ಇದರ ಘನವನ್ನು ಬಿಡಿಸಿ ಬರೆಯಿರಿ. ಎ ಘನ ಒಂದು, ಎ ವರ್ಗ ಬಿ ಮೂರು, ಎ ಬಿ ವರ್ಗ ಮೂರು, ಬಿ ಘನ ಒಂದು. ಸಹಗುಣಕಗಳು ಅವೇ! ಇದು ಆಕಸ್ಮಿಕವಲ್ಲ. ಪ್ರತಿ ಸ್ಥಾನದಲ್ಲೂ ಗುರು ಇಲ್ಲವೆ ಲಘು ಆರಿಸುವುದಕ್ಕೂ, ಪ್ರತಿ ಆವರಣದಿಂದ ಎ ಇಲ್ಲವೆ ಬಿ ಆರಿಸುವುದಕ್ಕೂ ವ್ಯತ್ಯಾಸವೇ ಇಲ್ಲ. ನಾಲ್ಕಕ್ಷರಕ್ಕೆ ಹದಿನಾರು ಬಗೆ: ಒಂದು, ನಾಲ್ಕು, ಆರು, ನಾಲ್ಕು, ಒಂದು. ಈ ಸಾಲುಗಳನ್ನು ಒಂದರ ಕೆಳಗೊಂದು ಪೇರಿಸಿದರೆ 10ನೇ ಶತಮಾನದ ಹಲಾಯುಧ ವಿವರಿಸಿದ ಮೇರುಪ್ರಸ್ತಾರವಾಗುತ್ತದೆ. ಕಾಲೇಜಿನಲ್ಲಿ ಅದನ್ನು 17ನೇ ಶತಮಾನದ ಪ್ಯಾಸ್ಕಲನ ತ್ರಿಕೋನವೆಂದು ಹೇಳುತ್ತಾರೆ.

ಗಣಿತಾನುಗಮನ ಬರೆಯುವಾಗ ಮೂರು ಹೆಜ್ಜೆಯನ್ನು ತಪ್ಪದೆ ಬರೆಯಿರಿ, ಅಷ್ಟು ಸಾಕು. ಮ್ಯಾಟ್ರಿಕ್ಸಿಗೆ ಕೈ ಪಳಗಬೇಕು. ಅಲ್ಲಿ ಭಾಷೆ ಕಡಿಮೆ, ಗುಣಾಕಾರ ಜಾಸ್ತಿ. ಆದ್ದರಿಂದ ಕನ್ನಡ ಮಾಧ್ಯಮದವರು ಮೊದಲು ಅದರಲ್ಲಿ ಗಟ್ಟಿಯಾಗುವುದು ಒಳ್ಳೆಯದು, ಧೈರ್ಯ ಬರುತ್ತದೆ.

ಕಾಲೇಜು ಶುರುವಾಗುವ ಮುಂಚಿನ ಬಿಡುವಿನಲ್ಲಿ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿ. ಕನ್ನಡ, ತೆಲುಗು, ಇಂಗ್ಲಿಷ್, ಕೊನೆಯದರಲ್ಲಿ ಒಂದು ಪುಟ್ಟ ಉದಾಹರಣೆ. ಶಬ್ದದ ಅರ್ಥವನ್ನು ಮಾತಿನಲ್ಲಿ ಬರೆಯುವುದಕ್ಕಿಂತ ಉದಾಹರಣೆ ಬರೆಯುವುದೇ ಮೇಲು. ಇಂಟರ್ ಓದುತ್ತಿರುವ ಅಕ್ಕನೋ ಅಣ್ಣನೋ ಓಣಿಯಲ್ಲಿದ್ದರೆ ಅವರ ಹಳೆಯ ಪುಸ್ತಕ ಕೇಳಿ ತನ್ನಿ, ಪಾಠದ ಕೊನೆಯ ಮುಖ್ಯ ಪದಗಳನ್ನು ಇಳಿಸಿಕೊಳ್ಳಿ. ತೆಲುಗು ಅಕ್ಷರ ಓದಲು ನಮಗೆ ಹೆಚ್ಚು ದಿನ ಬೇಡ, ಎರಡೂ ಲಿಪಿ ಒಂದೇ ತಾಯಿಯ ಮಕ್ಕಳು. ಲೆಕ್ಕವನ್ನು ಮನೆಯಲ್ಲಿ ಬಾಯಿಬಿಟ್ಟು ಕನ್ನಡದಲ್ಲೇ ಹೇಳಿಕೊಂಡು ಬಿಡಿಸಿ, ಉತ್ತರವನ್ನು ಮಾತ್ರ ಪರೀಕ್ಷೆಯ ಮಾಧ್ಯಮದಲ್ಲಿ ಬರೆದು ಅಭ್ಯಾಸ ಮಾಡಿ. ತಾಯಂದಿರೇ, ಮಗಳು ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಎಕ್ಸ್ ವರ್ಗ ಎಂದು ಗೊಣಗುತ್ತಿದ್ದರೆ ಗಾಬರಿಯಾಗಬೇಡಿ. ನೀರು ತರಲು ಕೂಗುವುದನ್ನು ಸ್ವಲ್ಪ ಹೊತ್ತು ತಡೆಯಿರಿ.

ಆ ನೋಟ್‌ಬುಕ್ಕಿನ ಮೊದಲ ಸಾಲಿಗೆ ಈಗಲೇ ಬರೆದುಕೊಳ್ಳಬಹುದು. ಕನ್ನಡದಲ್ಲಿ ಪ್ರಮೇಯ, ತೆಲುಗಿನಲ್ಲಿ ಸಿದ್ಧಾಂತಂ, ಇಂಗ್ಲಿಷಿನಲ್ಲಿ ಥಿಯರಮ್. ಎರಡನೆಯ ಸಾಲು: ಕನ್ನಡದಲ್ಲಿ ಉತ್ಪನ್ನ, ತೆಲುಗಿನಲ್ಲಿ ಪ್ರಮೇಯಂ, ಇಂಗ್ಲಿಷಿನಲ್ಲಿ ಫಂಕ್ಷನ್.