ಹಂಪಿಯನ್ನು ಕಂಡ ಕ್ಯಾಮೆರಾ

(ಹೊಸಪೇಟೆಯ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಸಮಾಜವಾದಿಗಳ ಸಭೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯೊಬ್ಬನನ್ನು ಹೊಗಳಲು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಒಳ್ಳೆಯ ಕೆಲಸ ಯಾರ ಕೈಯಿಂದಾದರೂ ಒಳ್ಳೆಯ ಕೆಲಸವೇ. ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದ ಛಾಯಾಚಿತ್ರಗಳು ಅಂಥ ಕೆಲಸ.

ಆಗ ಇಂದಿನ ಫಿಲ್ಮು ಇರಲಿಲ್ಲ. ಮೇಣ ಹೀರಿಸಿದ ಕಾಗದವನ್ನು ಬೆಳ್ಳಿಯ ಲವಣದಿಂದ ಸಂಸ್ಕರಿಸಿ, ಅದರ ಮೇಲೆ ಬೆಳಕು ಬೀಳಿಸಬೇಕಿತ್ತು. ಚಿತ್ರ ಎಷ್ಟು ದೊಡ್ಡದಾಗಬೇಕೋ ನೆಗೆಟಿವ್ ಅಷ್ಟೇ ದೊಡ್ಡದು. ಅದಕ್ಕೆ ತಕ್ಕಂತೆ ಪೆಟ್ಟಿಗೆಯೂ ದೊಡ್ಡದು. ನಮ್ಮ ಬಿಸಿಲಿನಲ್ಲಿ, ಆ ಬಂಡೆಗಳ ನಡುವೆ, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕು. ಆ ತಾಳ್ಮೆಗೆ ನಾವು ತಲೆಬಾಗಲೇಬೇಕು.

ಅದರಿಂದ ಆದ ಲಾಭವೇನು? ಒಂದೇ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಮೇಲೆ ವಿಜಯವಿಠ್ಠಲ ಗುಡಿಯ ಕಲ್ಲಿನ ರಥವಿದೆ. ಅದರ ನೆತ್ತಿ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಶಿಖರ ಹೋಯಿತು, ಸಾಕ್ಷಿ ಉಳಿಯಿತು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾನ ಜಾಡು ಹಿಡಿದು ಅದೇ ಸ್ಥಳಗಳ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಏನು ಬಿತ್ತು, ಏನು ನಿಂತಿತು ಎಂದು ಶಾಲೆಯ ಹುಡುಗನೂ ಹೇಳಬಲ್ಲ. ಯಾವ ಸರಕಾರವೂ ಅಲ್ಲಗಳೆಯಲಾಗದ ಸಾಕ್ಷ್ಯವೆಂದರೆ ಇದು.

ಆದರೆ ಆ ಕಾಗದಕ್ಕೆ ಒಂದು ಮಿತಿಯಿತ್ತು. ನಿಮಿಷಗಟ್ಟಲೆ ಅಲುಗಾಡದೆ ನಿಂತದ್ದು ಮಾತ್ರ ಅದರಲ್ಲಿ ಮೂಡುತ್ತಿತ್ತು. ಕಲ್ಲು ನಿಂತಿತು, ಮೂಡಿತು. ಹೊರೆ ಹೊತ್ತು ನಡೆದವರು, ದನ ಅಟ್ಟಿಕೊಂಡು ಹೋದವರು ಮೂಡಲಿಲ್ಲ. ಅದು ರಸಾಯನದ ದೋಷ, ಆತನದಲ್ಲ. ಇಂದು ಆ ದೋಷವಿಲ್ಲ. ಆದರೂ ನಮ್ಮ ಕಣ್ಣಿಗೆ ಕಲ್ಲೇ ಕಾಣುತ್ತದೆ, ಜನ ಕಾಣುವುದಿಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿಗಳನ್ನು ಕೆಡವಲಾಯಿತು. ಸ್ಮಾರಕ ಉಳಿಯಬೇಕು, ಸರಿ. ಅಲ್ಲಿ ಒಲೆ ಹೊತ್ತಿಸಿದವರ ಬದುಕೂ ಇತಿಹಾಸವಲ್ಲವೇ?

ವಿಜಯನಗರದ ಅರಸರ ಕಾಲದ ಕಾಲುವೆಗಳು ಹೊಸಪೇಟೆ, ಕಂಪ್ಲಿಗಳ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿವೆ. ಅವನ್ನು ಅಗೆದವರ ಮುಖ ನಮಗೆ ಗೊತ್ತಿಲ್ಲ. ಹೋಗಲಿ, ಅಂದು ಕ್ಯಾಮೆರಾ ಇರಲಿಲ್ಲ. 1973ರಲ್ಲಿ ಸಂಡೂರಿನ ರೈತರು ಭೂಮಿಗಾಗಿ ಸತ್ಯಾಗ್ರಹ ಹೂಡಿದಾಗ ಕ್ಯಾಮೆರಾ ಇತ್ತು. ಅಲ್ಲಿ ನಡೆದ ಹೆಣ್ಣುಮಕ್ಕಳ ಎಷ್ಟು ಚಿತ್ರಗಳು ನಮ್ಮ ಮನೆಗಳಲ್ಲಿವೆ? ಅದೇ ಸಂಡೂರಿನ ಗುಡ್ಡಗಳಲ್ಲಿ ಅದಿರು ಅಗೆದು ಕೆಂಪಾದ ಕೈಗಳ ಚಿತ್ರಗಳೆಷ್ಟಿವೆ?

ಇಂದು ಬಹುಪಾಲು ಜನರ ಜೇಬಿನಲ್ಲೂ ಕ್ಯಾಮೆರಾ ಇದೆ. ಗ್ರೀನ್‌ಲಾನಿಂದ ನಾವು ಕಲಿಯಬೇಕಾದದ್ದು ಶ್ರದ್ಧೆ. ಕಂಪ್ಲಿಯ ನಾಟಿ, ಸಂಡೂರಿನ ಗಣಿ, ಕೂಲಿಯವರ ಗುಡಿಸಲು, ಇವನ್ನು ಒಪ್ಪಿಗೆ ಕೇಳಿ ಚಿತ್ರಿಸಿರಿ. ಸ್ಥಳ, ತಾರೀಖು ಬರೆದಿಡಿರಿ. ಹತ್ತು ವರ್ಷದ ನಂತರ ಅಲ್ಲೇ ನಿಂತು ಮತ್ತೆ ತೆಗೆಯಿರಿ. ಗುಡ್ಡ ಎಷ್ಟು ತಗ್ಗಿತು, ಗುಡಿಸಲು ಎಷ್ಟು ಎತ್ತರವಾಯಿತು ಎಂಬುದಕ್ಕೆ ಆಗ ನಮ್ಮ ಭಾಷಣ ಬೇಕಾಗುವುದಿಲ್ಲ. ಆ ಎರಡು ಚಿತ್ರಗಳೇ ಸಾಕು.