ಕರಣೆ ಯಾರ ಕೈಯಲ್ಲಿ?



ಮನೆಯ ಹೊರಗೋಡೆಯ ಗಾರೆ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಯವರು, "ಎಂಟೆಕ್ ಮಾಡಿ ಕಂಪ್ಯೂಟರ್ ಮುಂದೆ ಕೂರೋಳಿಗೆ ಇದ್ಯಾಕಮ್ಮ?" ಅಂತ ನಕ್ಕರು. ಹೋದ ಚಳಿಗಾಲದಲ್ಲಿ ಮನೀಶ್ ನಗರದ ನಮ್ಮ ಮನೆಗೂ ಕಾಂಪೌಂಡಿಗೂ ಹೊಸ ಗಾರೆ ಹಾಕಿಸಿದೆವು. ಆಗ ಆರು ಭಾನುವಾರ ಮಿಸ್ತ್ರಿಯವರ ಪಕ್ಕ ನಿಂತು ಕೈಯಾರೆ ಕಲಿತೆ. ಅದನ್ನೇ ಹೇಳುತ್ತೇನೆ.

ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಜೂನ್‌ನಲ್ಲಿ ಅದೇ ಗೋಡೆಗೆ ಮಳೆ ಬಡಿಯುತ್ತದೆ. ಕಾಂಕ್ರೀಟ್ ಕಂಬ ಹಿಗ್ಗುವ ಪ್ರಮಾಣವೇ ಬೇರೆ, ಇಟ್ಟಿಗೆಯದೇ ಬೇರೆ. ಹಾಗಾಗಿ ಬಿರುಕು ಮೊದಲು ಕಾಣುವುದು ಅವೆರಡೂ ಸೇರುವ ಗೆರೆಯಲ್ಲಿ. ನಿಮ್ಮ ಬಿಲ್ಡಿಂಗ್‌ನ ಪಶ್ಚಿಮದ ಗೋಡೆ ನೋಡಿ, ಕಂಬ ಎಲ್ಲಿದೆ ಅಂತ ಬಿರುಕೇ ತೋರಿಸುತ್ತದೆ. ಗಾರೆಗೆ ಮುಂಚೆ ಆ ಗೆರೆಯ ಮೇಲೆ ಚಿಕನ್ ಮೆಶ್ ಬಡಿಯಬೇಕು, ನುಣುಪಾದ ಕಾಂಕ್ರೀಟನ್ನು ಉಳಿಯಿಂದ ಕಚ್ಚು ಮಾಡಬೇಕು. ಬಣ್ಣ ಬಳಿದ ಮೇಲೆ ಇವು ಕಾಣುವುದಿಲ್ಲ, ಅದಕ್ಕೇ ಬಿಟ್ಟುಹೋಗುತ್ತವೆ.

ಮರಳು ಕನ್ಹಾನ್ ನದಿಯದು ಅಂದರೆ ಸಾಲದು. ಗಾಜಿನ ಬಾಟಲಿಗೆ ಒಂದಿಷ್ಟು ಮರಳು, ನೀರು ಹಾಕಿ ಕುಲುಕಿ ಇಡಿ. ಮೇಲೆ ದಪ್ಪಗೆ ಕೆಸರಿನ ಪದರ ನಿಂತರೆ ಆ ಮರಳನ್ನು ತೊಳೆಯದೆ ಬಳಸಬಾರದು. ಗೋಡೆಯನ್ನು ಮೊದಲೇ ನೆನೆಸಬೇಕು, ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಹೊರಗಿನ ಗಾರೆ ಎರಡು ಕೈ: ಮೊದಲನೆಯದು ಸುಮಾರು 12 ಮಿಲಿಮೀಟರ್, ಅದು ಹಸಿ ಇರುವಾಗಲೇ ಮೇಲೆ ಗೆರೆ ಎಳೆದು ಒರಟು ಮಾಡುವುದು, ಕೆಲವು ದಿನ ನೀರುಣಿಸಿ ಆಮೇಲೆ 8 ಮಿಲಿಮೀಟರಿನ ಎರಡನೆಯದು. ಕಲಸಿದ ಗಾರೆ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಬಿಗಿಯಾದ ಗಾರೆಗೆ ಮತ್ತೆ ನೀರು ಸುರಿದು ಕಲಸುವುದನ್ನು ಕಂಡರೆ ಅಲ್ಲೇ ತಡೆಯಿರಿ. ಮುಗಿದ ಮೇಲೆ ಕನಿಷ್ಠ ಏಳು ದಿನ ನೀರು ಹೊಡೆಯಬೇಕು. ಈ ಊರಲ್ಲಿ ಮೇ ತಿಂಗಳಲ್ಲಿ ಗಾರೆ ಮಾಡಿಸಬೇಡಿ ಅನ್ನುವುದೇ ನನ್ನ ಮಾತು.

ಇನ್ನೊಂದು. ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಗಟ್ಟಿ ಅಂತ ನಾವೆಲ್ಲ ನಂಬಿದ್ದೇವೆ. ಸಿಮೆಂಟ್ ಹೆಚ್ಚಾದರೆ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಬರುತ್ತದೆ. ಒಂದಕ್ಕೆ ನಾಲ್ಕು ಮರಳು ಸಾಕು. ಹೊರಮೈಯನ್ನು ಕನ್ನಡಿಯಂತೆ ತೀಡುವುದೂ ಬೇಡ, ಮರದ ಹಲಗೆಯಿಂದ ಉಜ್ಜಿದ ಒರಟು ಮೈಯೇ ಬಾಳಿಕೆ ಬರುತ್ತದೆ.

ನಮ್ಮ ಹಿರಿಯರ ಸುಣ್ಣದ ಗಾರೆಗೆ ಈ ಅವಸರ ಇರಲಿಲ್ಲ. ಅದು ಗಾಳಿಯಿಂದಲೇ ನಿಧಾನವಾಗಿ ಬಲಿಯುತ್ತದೆ, ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಅರೆಯುತ್ತಿದ್ದರು. ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದಲ್ಲಿ ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ, ಗಾರೆ. ಅಲ್ಲಿನ ಬೊಂಬೆಗಳೂ ಗಾರೆಯವೇ. ಕಮಲ ಮಹಲಿನ ಕಮಾನುಗಳ ಕುಸುರಿಯನ್ನು ಕಲ್ಲಿನದು ಅಂತ ನೋಡಿ ಬಂದವರು ನಮ್ಮಲ್ಲಿ ಎಷ್ಟು ಜನವೋ!

ಆ ಆರು ಭಾನುವಾರಗಳಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಮಾತ್ರ ಇನ್ನೊಂದು ಸಂಗತಿ. ಮರಳು ಜರಡಿ ಹಿಡಿದದ್ದು, ಗಾರೆ ಕಲಸಿದ್ದು, ಬಾಂಡ್ಲಿ ಹೊತ್ತು ಸಾರುವೆ ಹತ್ತಿದ್ದು, ಏಳು ದಿನ ನೀರು ಹೊಡೆದದ್ದು ಮಿಸ್ತ್ರಿಯ ಹೆಂಡತಿ. ಈ ಕಡೆ ಇಂಥ ಹೆಂಗಸರನ್ನು 'ರೇಜಾ' ಅನ್ನುತ್ತಾರೆ. ಗಾರೆಯ ಹದ ಅವರಿಗೆ ಕೈಯಲ್ಲೇ ಗೊತ್ತಾಗುತ್ತಿತ್ತು. "ಭಾಭಿ, ಕರಣೆ ನೀವು ಯಾಕೆ ಹಿಡಿಯಲ್ಲ?" ಅಂತ ಕೇಳಿದೆ. "ಯಾರು ಕೊಡ್ತಾರೆ, ದೀದಿ?" ಅಂದರು. ನನಗೆ ಮೊದಲ ದಿನವೇ ಕೊಟ್ಟಿದ್ದರು, ಯಾಕಂದರೆ ನಾನು ಮನೆ ಯಜಮಾನಿ.

ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಆದರೆ ಅದು ಹೇಳಿದ್ದು ಒಂದೇ ತರಹದ ಕೆಲಸಕ್ಕೆ ಒಂದೇ ಕೂಲಿ ಅಂತ. ಕರಣೆಯೇ ಕೈಗೆ ಸಿಗದಿದ್ದರೆ ಆಕೆ ಮೂವತ್ತು ವರ್ಷ ದುಡಿದರೂ ಸಹಾಯಕಿಯೇ. ಇದು ಹೆಂಗಸರಿಂದ ಆಗದ ಕೆಲಸ ಅನ್ನುವವರು ಜಾರ್ಖಂಡ್ ಕಡೆ ನೋಡಲಿ. ಸ್ವಚ್ಛ ಭಾರತದ ಶೌಚಾಲಯಗಳನ್ನು ಅಲ್ಲಿ ಕಟ್ಟಿದವರಲ್ಲಿ ಹಳ್ಳಿಯ ಹೆಂಗಸರೂ ಇದ್ದರು, 'ರಾಣಿ ಮಿಸ್ತ್ರಿ' ಅಂತಲೇ ಅವರಿಗೆ ಹೆಸರು ಬಂತು. ಅಹಮದಾಬಾದ್‌ನಲ್ಲಿ 'ಸೇವಾ' ಸಂಸ್ಥೆಯವರು ಕಟ್ಟಡ ಕೆಲಸದ ಹೆಂಗಸರಿಗಾಗಿ ಕರ್ಮಿಕಾ ಶಾಲೆಯನ್ನೇ ತೆರೆದರು.

ಕಾಂಪೌಂಡಿನ ಒಳಮೈ ಉಳಿದಾಗ ಮಿಸ್ತ್ರಿಯವರಿಗೆ ಹೇಳಿದೆ: ಇದನ್ನು ಭಾಭಿ ಮಾಡಲಿ, ಕೂಲಿ ನಿಮ್ಮಷ್ಟೇ. ಸ್ವಲ್ಪ ಗೊಣಗಿದರು, ಆಮೇಲೆ ತಾವೇ ಬಾಂಡ್ಲಿ ತುಂಬಿ ಕೊಟ್ಟರು. ಮೂರು ದಿನ ಹಿಡಿಯಿತು. ಮೊದಲ ನಾಲ್ಕು ಅಡಿ ಏರುಪೇರಾಗಿದೆ, ಆಮೇಲಿನದು ಮಟ್ಟಗೋಲಿಗೆ ಸರಿಯಾಗಿ ಕೂರುತ್ತದೆ. ಈಗ ಅವರು ಬೇಸಾ ರಸ್ತೆ ಕಡೆ ಒಂದು ಕೆಲಸದಲ್ಲಿದ್ದಾರೆ, ಅಲ್ಲಿ ಮತ್ತೆ ಬಾಂಡ್ಲಿಯೇ.

ನಮ್ಮಲ್ಲಿ ಹಲವರು ಸೊಸೈಟಿ ಕಮಿಟಿಯಲ್ಲಿದ್ದೀರಿ. ಈ ದೀಪಾವಳಿ ಆದಮೇಲೆ ಹೊರಗಿನ ಗಾರೆ ಮಾಡಿಸುವವರು ಕರಾರಿನಲ್ಲಿ ಚಿಕನ್ ಮೆಶ್, ಏಳು ದಿನದ ನೀರು, ಇವುಗಳ ಜೊತೆ ಇದನ್ನೂ ಬರೆಸಿ: ಒಂದು ಗೋಡೆಗಾದರೂ ಕರಣೆ ಹಿಡಿಯುವವಳು ಹೆಂಗಸಾಗಿರಬೇಕು, ಕೂಲಿ ಮಿಸ್ತ್ರಿಯದು. ಭಾಭಿಯ ಫೋನ್ ನಂಬರ್ ನನ್ನ ಹತ್ತಿರ ಇದೆ.